ಎರಡು ಸ್ಪೀಕರ್, ಐದು ಹುದ್ದೆ

ಸಂಜೆ ಏಳೂವರೆ ನಮ್ಮ ಮನೆಯಲ್ಲಿ ಟಿವಿ ಹಚ್ಚುವ ವೇಳೆ. ನಿವೃತ್ತನಾಗಿ, ನಾರಾಯಣಪುರದ ನೀರಾವರಿ ಕ್ವಾರ್ಟರ್ಸ್ ಬಿಟ್ಟು ಶಹಾಪುರದ ಈ ಮನೆಗೆ ಬಂದ ಮೇಲೆ ನಾನು ಹಾಕಿಕೊಂಡ ವೇಳಾಪಟ್ಟಿಯಲ್ಲಿ ಅದೂ ಒಂದು. ಐದಕ್ಕೆ ಏಳುವುದು, ಐದೂವರೆಗೆ ನಡಿಗೆ, ಏಳಕ್ಕೆ ಸ್ನಾನ ಮತ್ತು ಲಿಂಗಪೂಜೆ, ಎಂಟಕ್ಕೆ ರೊಟ್ಟಿ. ಸುರಪುರದ ಮಠದ ಬೋರ್ಡಿಂಗಿನಲ್ಲಿ ಗಂಟೆಯ ಸದ್ದಿಗೆ ಎದ್ದು, ಗಂಟೆಯ ಸದ್ದಿಗೆ ಉಂಡು ಬೆಳೆದವನು ನಾನು. ಈಗ ಬಾರಿಸುವವರು ಯಾರೂ ಇಲ್ಲ, ಆದರೂ ಹೊತ್ತಿಗೆ ಸರಿಯಾಗಿ ಮೈ ಎದ್ದು ನಿಲ್ಲುತ್ತದೆ.

ಟಿವಿಯ ಮುಂದೆ ಎರಡು ಕುರ್ಚಿ. ಬಾಗಿಲ ಕಡೆಯದು ನನ್ನದು, ಅದರ ಎಡಕ್ಕಿರುವುದು ನನ್ನ ಹೆಂಡತಿಯದು. ಕ್ವಾರ್ಟರ್ಸಿನಲ್ಲಿಯೂ ಹೀಗೆಯೇ ಕೂಡುತ್ತಿದ್ದೆವು. ಹೊಳೆಗೆ ನೀರು ಬಂದಾಗ ಕಚೇರಿಯಿಂದ ಯಾವ ಗಳಿಗೆಯಲ್ಲಾದರೂ ಕರೆ ಬರುತ್ತಿತ್ತು, ಆದ್ದರಿಂದ ಬಾಗಿಲ ಹತ್ತಿರ ನಾನೇ. ವಾರ್ತೆ ಅರ್ಧ ಗಂಟೆ, ಅವಳ ಧಾರಾವಾಹಿ ಅರ್ಧ ಗಂಟೆ. ನಡುವೆ ನಾನು ಒಂದಿಷ್ಟು ಮಾತಾಡುತ್ತೇನೆ, ಅವಳು ಒಂದಿಷ್ಟು ಚುಚ್ಚುತ್ತಾಳೆ. ಎಂಟೂವರೆಗೆ ಊಟ.

ಹೋದ ವರ್ಷ ಆ ಎಡಗಡೆಯ ಕುರ್ಚಿ ಖಾಲಿ ಬೀಳತೊಡಗಿತು. ಮೊದಲು ಧಾರಾವಾಹಿಯ ನಡುವೆ ಎದ್ದು ಹೋಗುತ್ತಿದ್ದಳು. ಆಮೇಲೆ ವಾರ್ತೆಗೇ ಬರುವುದನ್ನು ಬಿಟ್ಟಳು. ಏಳೂವರೆಗೆ ಸರಿಯಾಗಿ ಅವಳಿಗೆ ಹಿತ್ತಲಲ್ಲಿ ಕೆಲಸ ನೆನಪಾಗುತ್ತಿತ್ತು. ಜೋಳ ಹಸನು ಮಾಡುವುದು, ಒಣಗಿದ ಬಟ್ಟೆ ಮಡಚುವುದು. ಕರೆದರೆ, "ನೀವು ನೋಡ್ರಿ, ನನಗ ಕೆಲಸ ಅದ" ಎನ್ನುತ್ತಿದ್ದಳು.

ಕಾರಣ ಕಿವಿ ಎಂಬುದು ಶಿರವಾಳದ ಪ್ರಸಂಗದಿಂದ ತಿಳಿಯಿತು. ಶಿರವಾಳದಲ್ಲಿ ಹಳೆಯ ಗುಡಿಗಳಿವೆ, ಅಲ್ಲೇ ನನ್ನ ಜೊತೆ ಕೆಲಸ ಮಾಡಿದವರೊಬ್ಬರ ಮನೆಯೂ ಇದೆ. ನಾಳೆ ಆರಕ್ಕೆ ಹೊರಡೋಣ ಎಂದು ಸಂಜೆ ಹೇಳಿದೆ. ಅವಳು "ಹೂಂ" ಎಂದಳು. ಮರುದಿನ ನಾನು ಚೀಲ ಹಿಡಿದು ಅಂಗಳದಲ್ಲಿ ನಿಂತರೆ ಅವಳು ಎರಡು ಬಕೆಟ್ ಬಟ್ಟೆ ನೆನೆಸಿಕೊಂಡು ಕೂತಿದ್ದಳು. "ಎಲ್ಲಿಗಿ ಹೊಂಟೀರಿ?" ಎಂದು ನನ್ನನ್ನೇ ಕೇಳಿದಳು. ನಾನು ಸಿಟ್ಟಾದೆ. ಅವಳು ಬಟ್ಟೆ ಕುಕ್ಕತೊಡಗಿದಳು. ಅದರ ಮರುದಿನದ ನಡಿಗೆಯಲ್ಲಿ ತಲೆಗೆ ಹೊಳೆಯಿತು: ಆ ಹೂಂ ಕೇಳಿಸಿಕೊಂಡು ಅಂದದ್ದಲ್ಲ. ಅದಕ್ಕಿಂತ ಹಿಂದಿನ ಎಷ್ಟು ಹೂಂಗಳು ಅಂಥವೋ ಎಂದು ಲೆಕ್ಕ ಹಾಕಲು ಹೋಗಿ ನಡುವೆಯೇ ಮನೆಗೆ ತಿರುಗಿದೆ.

ಯಾದಗಿರಿಯಲ್ಲಿ ಕಿವಿ ಡಾಕ್ಟರಿಗೆ ತೋರಿಸಿದ್ದಾಯಿತು. ಬಲಗಿವಿ ಬಹಳ ಮಂದ, ಎಡಗಿವಿ ಸ್ವಲ್ಪ ಎಂದು ಬರೆದುಕೊಟ್ಟರು. ಚೀಟಿಯನ್ನು ನಾನು ಫೈಲಿಗೆ ಹಾಕಿದೆ. ಕಿವಿಗೆ ಇಡುವ ಯಂತ್ರವನ್ನೂ ತಂದೆವು. ಎರಡು ದಿನ ಇಟ್ಟುಕೊಂಡು, "ಕಿವ್ಯಾಗ ಜೀರುಂಡಿ ಸಾಕಿದಂಗ ಆಗ್ಯಾದ" ಎಂದು ತೆಗೆದು ಡಬ್ಬಿಯಲ್ಲಿ ಮುಚ್ಚಿಟ್ಟಳು. ನಾನು ಟಿವಿಯ ಸದ್ದು ಹೆಚ್ಚಿಸಿದೆ. ಎದುರು ಮನೆಯವರು ಕಿಟಕಿ ಹಾಕಿಕೊಂಡರು. ಅವಳು ಹಿತ್ತಲಲ್ಲೇ ಉಳಿದಳು. ಏಳೂವರೆಗೆ ನಾನು ಒಬ್ಬನೇ ಕೂಡುತ್ತಿದ್ದೆ, ಎದ್ದು ಹಿತ್ತಲ ಬಾಗಿಲ ತನಕ ಹೋಗುತ್ತಿದ್ದೆ, ಮತ್ತೆ ಬಂದು ಕೂಡುತ್ತಿದ್ದೆ. ವಾರ್ತೆಯಲ್ಲಿ ಏನು ಹೇಳಿದರು ಎಂಬುದು ನನಗೂ ತಿಳಿಯುತ್ತಿರಲಿಲ್ಲ.

ಯಾದಗಿರಿಯಲ್ಲಿರುವ ಮಗಳು ಒಂದು ದಿನ ಎರಡು ಸ್ಪೀಕರ್ ತಂದಳು. ಮೊಳದುದ್ದದ ಕಟ್ಟಿಗೆಯ ಪೆಟ್ಟಿಗೆಗಳು. ಅಳಿಯ ಹೊಸವು ತಗೊಂಡದ್ದರಿಂದ ಇವು ಸುಮ್ಮನೆ ಬಿದ್ದಿದ್ದವಂತೆ.

"ಅಪ್ಪಾ, ನಿಮ್ಮ ಟಿವಿ ಸ್ಪೀಕರ್ ಹಿಂದಕ್ಕ ಮಾರಿ ಮಾಡ್ಯಾವ. ಮಾತು ಗ್ವಾಡಿಗಿ ಬಡದು ಆಮ್ಯಾಲ ಅವ್ವನ ಕಡಿ ಬರ್ತದ. ಇವೆರಡು ಮುಂದ ಇಡ್ರಿ. ಇವಕ್ಕೊಂದು ರಿಸೀವರ್ ಬೇಕು, ನೋಡಿ ತಗೋರಿ."

ರಿಸೀವರ್ ಎಂದರೆ ಟಿವಿಯಿಂದ ಬರುವ ಶಬ್ದವನ್ನು ತೆಗೆದುಕೊಂಡು, ಅದಕ್ಕೆ ಬಲ ತುಂಬಿ, ಯಾವ ಸ್ಪೀಕರಿಗೆ ಎಷ್ಟು ಎಂದು ಹಂಚುವ ಪೆಟ್ಟಿಗೆ. ಜಲಾಶಯದ ನೀರನ್ನು ಕಾಲುವೆಗಳಿಗೆ ಬಿಡುವ ಗೇಟಿನ ಕೆಲಸ. ಅಷ್ಟು ತಿಳಿದ ಮೇಲೆ ನನಗೆ ಧೈರ್ಯ ಬಂತು. ಒಂದು ಹಾಳೆಗೆ ಗೆರೆ ಎಳೆದು ಅಂಕಣ ಮಾಡಿದೆ: ಎಷ್ಟು ಸ್ಪೀಕರಿಗೆ ಜಾಗ ಉಂಟು, ಸ್ಪೀಕರಿನ ಬೆನ್ನ ಮೇಲೆ ಬರೆದ ಆರು ಓಮ್ ಎಂಬ ವಿದ್ಯುತ್ತಿನ ಅಳತೆ ಇದಕ್ಕೆ ಹೊಂದುತ್ತದೆಯೇ, ಟಿವಿಗೆ ಒಂದೇ ಕೇಬಲ್ ಸಾಕೇ, ಮಾತಿನ ದನಿಯನ್ನಷ್ಟೇ ಹೆಚ್ಚಿಸಲು ಬರುತ್ತದೆಯೇ. ಮೂರು ವಾರ ಆ ಹಾಳೆ ನನ್ನ ಜೇಬಿನಲ್ಲಿತ್ತು. ಒಂದು ದಿನ ಒಂದು ಯಂತ್ರಕ್ಕೆ ಗುರುತು ಹಾಕುವುದು, ಮರುದಿನ ಅಳಿಸಿ ಇನ್ನೊಂದಕ್ಕೆ ಹಾಕುವುದು. ಪೂಜೆಗೆ ಕೂತರೆ ಓಮ್ ಎಂಬುದೇ ಬೇರೆ ಅರ್ಥದಲ್ಲಿ ನೆನಪಾಗಿ ತಪ್ಪಾಯಿತೆಂದು ಕೆನ್ನೆ ಬಡಿದುಕೊಳ್ಳುತ್ತಿದ್ದೆ. ನಡಿಗೆಯ ಹಾದಿ ತಪ್ಪುತ್ತಿತ್ತು. ರೊಟ್ಟಿ ಎಂಟೂಕಾಲಕ್ಕೆ ಹೋಯಿತು.

"ಹೆಣ್ಣು ನೋಡಾಕ ಹೊಂಟಂಗ ದಿನಾ ಅಂಗಿ ಹಾಕ್ಕೊಂಡು ಹೊಂಟೀರಿ" ಎಂದಳು ಹೆಂಡತಿ.

"ನಿನ್ನ ಸಲುವಾಗೇ ಹೊಂಟೀನಿ."

"ಆಂ?"

"ನಿನ್ನ ಸಲುವಾಗಿ!"

"ಹೂಂ" ಎಂದು ಒಳಗೆ ಹೋದಳು.

ಶಹಾಪುರದ ಅಂಗಡಿಯವನು ಡಿಶ್ಶಿನ ಪೆಟ್ಟಿಗೆ ತೋರಿಸಿದ. ಅದಲ್ಲ ಎಂದರೆ ಯಾದಗಿರಿಗೆ ಹೋಗಿರೆಂದ. ಯಾದಗಿರಿಯಲ್ಲಿ ಒಂದು ದೊಡ್ಡ ಅಂಗಡಿಯೊಳಗೆ ಇದಕ್ಕೆಂದೇ ಗಾಜಿನ ಕೋಣೆ ಇತ್ತು. ಅಂಗಡಿಯವ ಮೀಸೆಯ ಮೇಲೆ ಕೈಯಾಡಿಸುತ್ತ ನನ್ನನ್ನು ಕೋಣೆಯ ನಡುವೆ ನಿಲ್ಲಿಸಿದ.

"ಇಲ್ಲಿ ನಿಂದರ್ರಿ, ಅಜ್ಜಾರ. ಅಲ್ಲಾಡಬ್ಯಾಡ್ರಿ."

ಗುಂಡಿ ಒತ್ತಿದ. ಕಾಲ ಕೆಳಗಿನ ಫರಸಿ ನಡುಗಿತು. ಜೇಬಿನ ಪೆನ್ನು ನಡುಗಿತು.

"ಎದಿ ನಡಗ್ತಿಲ್ಲ?"

"ನಡಗ್ತು. ಈಗ ವಾರ್ತಿ ಹಚ್ಚು."

"ವಾರ್ತಿನಾ? ಇಂಥಾ ಮಷೀನಿನ್ಯಾಗ ವಾರ್ತಿ ಕೇಳ್ತೀರೇನ್ರಿ?"

"ನನಗ ಮಾತು ಕೇಳಬೇಕು. ಮಾತು ಎಷ್ಟು ಸಾಫ್ ಬರ್ತದ ತೋರ್ಸು."

"ಮಾತಿಗ್ಯಾಕ್ರಿ ಹೋಮ್ ಥಿಯೇಟರ್? ಮಾತಿಗಿ ಮನ್ಯಾಗ ಅಜ್ಜಿ ಇರ್ತಾಳ!" ಎಂದು ತಾನೇ ನಕ್ಕ.

ನನಗೆ ನಗು ಬರಲಿಲ್ಲ. ಹಾಳೆಯಲ್ಲಿ ಆ ಯಂತ್ರದ ವಿವರ ಬರೆದುಕೊಂಡು ಹೊರಬಿದ್ದೆ. ಮಗಳ ಮನೆಗೆ ಹೋಗಿ ಹೇಳಿದರೆ ಅವಳೂ ಬೈದಳು. "ಅವ್ವನ್ನ ಮನ್ಯಾಗ ಬಿಟ್ಟು ಅವ್ವನ ಕಿವಿಗಿ ಮಷೀನ್ ಹುಡುಕಾಕತ್ತೀರಿ. ಚಪ್ಪಲಿ ತಗೊಳ್ಳಾಕ ಹೋಗೋರು ಕಾಲು ಮನ್ಯಾಗ ಇಟ್ಟು ಹೋಗ್ತಾರೇನು?"

ಕರೆದಿದ್ದೆ. ಬರುವುದಿಲ್ಲ ಎಂದಿದ್ದಳು. ಅಂಗಡಿಯವರು ಏನೋ ಕೇಳುತ್ತಾರೆ, ತಾನು ಏನೋ ಅನ್ನುತ್ತೇನೆ, ಮಂದಿ ನಗುತ್ತಾರೆ ಎಂಬ ಅಂಜಿಕೆ ಅವಳಿಗೆ. ಇದನ್ನು ಮಗಳಿಗೆ ಹೇಳಲಿಲ್ಲ.

ಕೊನೆಗೆ ಸುರಪುರಕ್ಕೆ ಹೋದೆ. ಅಲ್ಲಿ ಮದುವೆ ಮುಂಜಿಗಳಿಗೆ ಮೈಕ್ ಸೆಟ್ ಕೊಡುವವರೊಬ್ಬರು ಇದ್ದಾರೆ. ಹಿಂದೆ ಕ್ವಾರ್ಟರ್ಸಿನ ಗಣಪತಿ ಹಬ್ಬಕ್ಕೆ ಪ್ರತಿ ವರ್ಷ ಅವರೇ ಮೈಕು ಹಾಕುತ್ತಿದ್ದರು. ಈಗ ಗಡ್ಡ ಪೂರ್ತಿ ಬೆಳ್ಳಗಾಗಿದೆ. ನನ್ನನ್ನು ಕಂಡವರೇ ಕೈಯಲ್ಲಿದ್ದ ವೈರು ಬಿಟ್ಟು ಎದ್ದರು.

"ಅರೆ, ಸಾಹೇಬ್ರ! ಬರ್ರಿ ಬರ್ರಿ. ಇನ್ನಾ ಹಾಂಗೇ ಅದೀರಲ್ಲ, ಇಸ್ತ್ರಿ ಮಾಡಿದಂಗ!"

ಹಾಳೆ ಕೊಟ್ಟೆ. ಅವರು ಅದನ್ನು ನೋಡಿ ಮಡಚಿ ವಾಪಸು ಕೊಟ್ಟರು. "ಇದಿರ್ಲಿ. ಯಾರು ಕೇಳಬೇಕಿದ ಹೇಳ್ರಿ."

ಮೂರು ವಾರದಲ್ಲಿ ಈ ಪ್ರಶ್ನೆ ಕೇಳಿದವರು ಅವರೊಬ್ಬರೇ. ಹೇಳಿದೆ. ಅವರು ಗಡ್ಡ ಸವರಿಕೊಂಡರು.

"ಹಂಗಾದ್ರ ಫರಸಿ ನಡುಗೂದು ಬಿಡ್ರಿ. ಮಾತಿನ ದನಿ ಸಾಫ್ ಬರಬೇಕು. ಎರಡ ಸ್ಪೀಕರಿಗಿ ಸಾದಾ ಎರಡು ಲೈನಿನ ಆಂಪ್ಲಿಫೈಯರ್ ಸಾಕಾಗ್ತದ. ಮುಂದೊಂದಿನ ನಡುವ ಒಂದು ಮಾತಿನ ಸ್ಪೀಕರ್ ಹಾಕೋ ವಿಚಾರ ಇದ್ರ ಐದು ಲೈನಿನ ರಿಸೀವರ್ ತಗೋರಿ: ಮುಂದ ಎರಡು, ನಡುವ ಒಂದು, ಹಿಂದ ಎರಡು. ಸಿನಿಮಾ, ಧಾರಾವಾಹಿ, ಎಲ್ಲಾದರಾಗೂ ಮಾತು ನಡುವಿಂದೇ ಬರ್ತದ. ಆದ್ರ ಐದರದು ತಗೊಂಡ್ರ ಒಂದು ನೆನಪಿಡ್ರಿ…"

ನಾನು ಗಡಿಯಾರ ನೋಡಿದೆ. "ಬಸ್ಸಿನ ಟೈಮ್ ಆತು."

"ಎರಡ ನಿಮಿಷ ಕೂಡ್ರಿ ಸಾಹೇಬ್ರ, ಚಾ ತರಸ್ತೀನಿ."

"ಚಾ ನಾಲ್ಕಕ್ಕ ಕುಡದೇನಿ" ಎಂದು ಎದ್ದೆ. ಆ ಬಸ್ಸು ತಪ್ಪಿದರೆ ಇನ್ನೊಂದು ಇರಲಿಲ್ಲವೆಂದಲ್ಲ. ಏಳೂವರೆಗೆ ಮನೆಯಲ್ಲಿರಬೇಕಿತ್ತು, ಅಷ್ಟೆ. ಖಾಲಿ ಕುರ್ಚಿಯ ಪಕ್ಕ ಕೂಡಲು ಅಷ್ಟು ಅವಸರ.

ಬಸ್ಸಿನಲ್ಲಿ ಐದು ಲೈನಿನದೇ ಎಂದು ನಿಶ್ಚಯಿಸಿದೆ. ಇದರ ಹಿಂದೆ ನನ್ನ ಕಚೇರಿಯ ಬುದ್ಧಿಯೂ ಇತ್ತು. ನಾನು ಸಿಬ್ಬಂದಿ ಪಟ್ಟಿ ನೋಡುವ ಗುಮಾಸ್ತನಾಗಿದ್ದವನು. ಐದು ಹುದ್ದೆ ಮಂಜೂರಾಗಿ ಇಬ್ಬರೇ ಕೆಲಸಕ್ಕಿದ್ದರೂ ಪಟ್ಟಿಯಲ್ಲಿ ಐದನ್ನೂ ತೋರಿಸಬೇಕು. ಮಂದಿ ಇಲ್ಲವೆಂದು ಹುದ್ದೆ ಇಲ್ಲ ಎಂದು ಬರೆದುಕೊಟ್ಟರೆ ಮುಗಿಯಿತು, ಅದು ಮತ್ತೆ ನಮ್ಮ ಕಚೇರಿಗೆ ಬರುವುದಿಲ್ಲ. ಇಡೀ ನೌಕರಿಯಲ್ಲಿ ಒಂದು ಹುದ್ದೆಯನ್ನೂ ನಾನು ಹಾಗೆ ಬಿಟ್ಟುಕೊಟ್ಟವನಲ್ಲ.

ಯಂತ್ರ ಒಂದು ಸೋಮವಾರ ಮುಂಜಾನೆ ಬಂತು. ಹೆಂಡತಿ ಅದಕ್ಕೆ ವಿಭೂತಿ ಹಚ್ಚಿ, ಕಾಯಿ ಒಡೆದು, "ಇಷ್ಟು ದೊಡ್ಡದು! ಇದರಾಗ ಅನ್ನ ಮಾಡಬೋದು" ಎಂದಳು. ಅದನ್ನು ಟಿವಿಯ ಎಡಕ್ಕೆ ಸ್ಟೂಲಿನ ಮೇಲೆ ಇಟ್ಟೆ. ಎರಡು ಸ್ಪೀಕರುಗಳನ್ನು ಟೇಪಿನಿಂದ ಅಳೆದು ಎರಡೂ ಬದಿಗೆ ಸಮ ದೂರದಲ್ಲಿ ಕೂರಿಸಿದೆ. ಕೆಂಪು ವೈರು ಕೆಂಪಿಗೆ, ಕರಿ ವೈರು ಕರಿಗೆ. ಆಮೇಲೆ ಟಿವಿಯ ಪರದೆಯ ಮೇಲೆ ಪ್ರಶ್ನೆಗಳು ಬಂದವು. ಮುಂದಿನ ಎರಡು ಸ್ಪೀಕರ್ ಉಂಟೇ? ಉಂಟು. ನಡುವಿನದು ದೊಡ್ಡದೇ, ಸಣ್ಣದೇ, ಇಲ್ಲವೇ? ಕೈ ಒಂದು ಗಳಿಗೆ ನಿಂತಿತು. ಮುಂದೆ ತರುವುದಂತೂ ಖಾತ್ರಿ. ಇಲ್ಲ ಎಂದುಬಿಟ್ಟರೆ ನಾಳೆ ತಂದಾಗ ಈ ಯಂತ್ರ ಒಪ್ಪದಿದ್ದರೆ? ಸಣ್ಣದು ಎಂದು ತುಂಬಿದೆ. ಹಿಂದಿನ ಎರಡಕ್ಕೂ ಸಣ್ಣದು ಎಂದೇ ತುಂಬಿದೆ. ಒಂದು ಅಂಕಣವೂ ಖಾಲಿ ಉಳಿಯಲಿಲ್ಲ.

ಏಳೂಕಾಲಕ್ಕೇ ಹಿತ್ತಲಿಗೆ ಹೋಗಿ ಕರೆದೆ. "ಇವತ್ತೊಂದಿನ ಬಾ. ಕೇಳಲಿಲ್ಲಂದ್ರ ನಾಳಿಯಿಂದ ಕರಿಯಂಗಿಲ್ಲ."

ಅವಳು ಸೆರಗಿಗೆ ಕೈ ಒರೆಸಿಕೊಂಡು ಬಂದು ತನ್ನ ಕುರ್ಚಿಯಲ್ಲಿ ಕೂತಳು. ನಾನು ಬಾಗಿಲ ಕಡೆಯ ನನ್ನ ಕುರ್ಚಿಯಲ್ಲಿ. ನಾಳೆಯಿಂದ ಕರೆಯುವುದಿಲ್ಲ ಎಂದು ಯಾಕಾದರೂ ಅಂದೆನೋ.

ವಾರ್ತೆಯ ಮೊದಲಿನ ಸಂಗೀತ ಎಷ್ಟು ಚೆನ್ನಾಗಿ ಬಂತೆಂದರೆ ಅವಳು ಬೆನ್ನು ನೆಟ್ಟಗೆ ಮಾಡಿದಳು. ನನಗೆ ಜಯ ಬಂದಷ್ಟು ಹಿಗ್ಗಾಯಿತು. ಆಮೇಲೆ ವಾರ್ತೆ ಓದುವವನು ಬಂದ. ಬಾಯಿ ತೆರೆದ. ಮಾತು ಬರಲಿಲ್ಲ. ಪೂರ್ತಿ ಇಲ್ಲವೆಂದಲ್ಲ, ಆಳದ ಬಾವಿಯೊಳಗಿಂದ ಯಾರೋ ಗೊಣಗಿದ ಹಾಗೆ. ಸದ್ದು ಹೆಚ್ಚಿಸಿದೆ. ಹಿಂದಿನ ಸಂಗೀತ ಹೆಚ್ಚಾಯಿತು, ಬೀದಿಯ ಗದ್ದಲ ಹೆಚ್ಚಾಯಿತು, ಯಾವುದೋ ಊರಿನ ಟ್ರ್ಯಾಕ್ಟರ್ ನಮ್ಮ ಪಡಸಾಲೆಯಲ್ಲೇ ಹಾದು ಹೋಯಿತು. ಅವನು ಮಾತ್ರ ತುಟಿ ಆಡಿಸುತ್ತಿದ್ದ.

"ಏನಂತಾನ ಈತ?" ಎಂದೆ.

ಅವಳು ನನ್ನತ್ತ ತಿರುಗಿದಳು. "ನನ್ನ ಕೇಳ್ತೀರೇನು?"

"ಮಾತೇ ಬರವಲ್ದಲ್ಲ!"

"ನಿಮಗೂ ಬರವಲ್ದು?"

"ಎಲ್ಲಾ ಬರಾಕತ್ತದ. ಮಾತೊಂದು ಬರವಲ್ದು."

ಅವಳು ಏನೋ ಅಂದಳು. ಟ್ರ್ಯಾಕ್ಟರಿನ ಗದ್ದಲದಲ್ಲಿ ತಿಳಿಯಲಿಲ್ಲ. ನಾನು ರಿಮೋಟಿನ ಮೇಲೆ ಕಣ್ಣಿಟ್ಟು "ಹೂಂ" ಎಂದೆ.

ಅವಳು ರಿಮೋಟನ್ನು ನನ್ನ ಕೈಯಿಂದ ತೆಗೆದುಕೊಂಡು ಸದ್ದು ಆರಿಸಿದಳು. "ನಾ ಈಗ ಏನಂದೆ, ಹೇಳ್ರಿ?"

ನಾನು ರಿಮೋಟಿಗೆ ಕೈ ಚಾಚಿದೆ. ಅವಳು ಕೊಡಲಿಲ್ಲ.

"ಹೂಂ ಅಂದ್ರಲ್ಲ. ಯಾತಕ್ಕ ಅಂದ್ರಿ?"

"ಕೇಳಲಿಲ್ಲ."

"ಕೇಳಲಿಲ್ಲ. ಮತ್ತ ಹೊಳ್ಳಿ ಕೇಳಿದ್ರ ಇಕಿ ಸಿಟ್ಟಾಗ್ತಾಳ ಅಂತ ಹೂಂ ಅಂದ್ರಿ." ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕು ಕಣ್ಣೊರೆಸಿಕೊಂಡು, "ಇದ ಅಂದಿದ್ದೆ ನಾ: ನನಗ ದಿನಾ ಹಿಂಗ ಅದ. ಬಾಗಲಾ ಬಡದದ್ದು ಕೇಳ್ತದ, ಕುಕ್ಕರ್ ಕೇಳ್ತದ, ಮಾತು ಕೇಳಲ್ಲ. ನೀವು ಜೋರು ಮಾಡ್ತೀರಿ, ಬಾಗಲಾ ಇನ್ನಾ ಜೋರು ಬಡೀತದ" ಎಂದಳು.

ಹೋದ ವರ್ಷದಿಂದ ನಾನು ಅವಳಿಗೆ ಮಾಡಿದ್ದು ಅದನ್ನೇ. ಕೂತಲ್ಲಿ ಕೂಡಲಾಗಲಿಲ್ಲ. ಎದ್ದು ಸುರಪುರಕ್ಕೆ ಫೋನ್ ಹಚ್ಚಿದೆ. ಮೈಕಿನವರು ಎಲ್ಲ ಕೇಳಿಸಿಕೊಂಡು, "ನಡುವಿನ ಸ್ಪೀಕರ್ ತಂದೀರೇನ್ರಿ?" ಎಂದರು.

"ಇಲ್ಲ. ಆಮ್ಯಾಲ ತರ್ತೀನಿ."

"ಮಷೀನಿಗಿ ಏನಂತ ಹೇಳೀರಿ?"

"ಅದ ಅಂತ ಹೇಳೀನಿ. ಸಣ್ಣದು."

ಆ ಕಡೆಯಿಂದ ದೊಡ್ಡ ನಗು. "ಯಾ ಅಲ್ಲಾ! ಮಾತೆಲ್ಲಾ ಅದರ ಪಾಲಿಗಿ ಹೋಗ್ಯಾದ್ರಿ. ಮಂದಿ ಇಲ್ಲದ ಕುರ್ಚಿಗಿ ಕಡತ ಕಳಿಸಿ ಕುಂತೀರಿ ಸಾಹೇಬ್ರ! ಇಲ್ಲದ್ದಕ್ಕ ಇಲ್ಲ ಅನ್ರಿ, ಎಲ್ಲಾ ಈ ಎರಡರಾಗೇ ಬರ್ತದ. ಮುಂದ ತಂದಾಗ ಅದ ಅಂತ ಬದಲಿ ಮಾಡಿದ್ರಾತು. ಅವತ್ತ ಇದನ್ನ ಹೇಳಾಕ ಬಾಯಿ ತಗದಿದ್ದೆ, ನೀವು ಬಸ್ ಹಿಡದ್ರಿ."

ಅಂದರೆ ಈ ಯಂತ್ರದಲ್ಲಿ ಬಿಟ್ಟುಕೊಟ್ಟ ಹುದ್ದೆ ವಾಪಸು ಬರುತ್ತದೆ. ನಮ್ಮ ಇಲಾಖೆಗಿಂತ ವಾಸಿ.

ಕನ್ನಡಕ ಹಾಕಿಕೊಂಡು, ಯಂತ್ರದ ಪಕ್ಕ, ಅವಳ ಕುರ್ಚಿಯ ಎಡಗಡೆ ನೆಲದ ಮೇಲೆ ಕೂತೆ. ಒಂದೊಂದೇ ಸಾಲು ಹುಡುಕಿ ಬದಲಾಯಿಸತೊಡಗಿದೆ. ಬಾಯಲ್ಲಿ ಹೇಳಿಕೊಳ್ಳುತ್ತ ಮಾಡುವುದು ನನ್ನ ರೂಢಿ. "ನಡುವಿನದು ಇಲ್ಲ" ಎಂದು ಮೆಲ್ಲಗೆ ಗೊಣಗಿದೆ. "ಹಿಂದಿನದು ಬಲಕ್ಕಿಲ್ಲ. ಎಡಕ್ಕಿಲ್ಲ."

"ಬುದ್ಧಿನೂ ಇಲ್ಲ. ಅದನ್ನೂ ಬರೀರಿ" ಎಂದಳು ಅವಳು.

ನನ್ನ ಬೆರಳು ನಿಂತಿತು. ನಾನು ಗೊಣಗಿದ್ದು ನನಗೇ ನೆಟ್ಟಗೆ ಕೇಳಿಸಿರಲಿಲ್ಲ.

"ಕೇಳ್ತೇನು ನಿನಗ?"

"ಈ ಕಡಿ ಕುಂತ್ರ ಕೇಳ್ತದ" ಎಂದು ಎಡಗಿವಿ ಮುಟ್ಟಿ ತೋರಿಸಿದಳು. "ಅದನ್ನ ಎಷ್ಟ ಸಲ ಹೇಳೀನಿ. ನೀವು ಆ ಕಡಿ ಬಾಗಲಾ ನೋಡ್ಕೋತ ಕೂಡ್ತೀರಿ. ಹೊಳಿ ಬಂತು, ಯಾರರೆ ಕರಿಯಾಕ ಬಂದ್ರು ಅಂತ."

ಬಲಗಿವಿ ಬಹಳ ಮಂದ, ಎಡಗಿವಿ ಸ್ವಲ್ಪ. ಆ ಚೀಟಿ ಯಾವ ಫೈಲಿನಲ್ಲಿ, ಎಷ್ಟನೆಯ ಹಾಳೆ ಎಂಬುದು ನನಗೆ ಗೊತ್ತಿತ್ತು. ಅದನ್ನು ಹಾಕಿದ ಸಂಜೆಯೂ ನಾನು ಅವಳ ಬಲಕ್ಕೇ ಕೂತು ಮಾತಾಡಿದ್ದೆ. ಶಿರವಾಳಕ್ಕೆ ಹೋಗೋಣ ಎಂದು ಹೇಳಿದ್ದೂ ಆ ಕಡೆಯಿಂದಲೇ.

ಎದ್ದು ನನ್ನ ಕುರ್ಚಿ ಎತ್ತಿಕೊಂಡು ಬಂದು ಅವಳ ಎಡಕ್ಕೆ ಇಟ್ಟೆ. ಟೇಪು ಹಿಡಿದು ಅಳೆದು ಇಟ್ಟ ಸ್ಪೀಕರಿನ ಸಮ ದೂರ ಕೆಟ್ಟಿತು. ಇರಲಿ ಎಂದುಕೊಂಡೆ. ಮತ್ತೆ ಎದ್ದು ಎಡಗಡೆಯ ಸ್ಪೀಕರನ್ನು ತುಸು ಅವಳ ಕಡೆಗೆ ತಿರುಗಿಸಿ ಬಂದೆ. ಟಿವಿಯ ಸದ್ದು ಮತ್ತೆ ಹಚ್ಚಿದೆವು. ಓದುವವನ ಮಾತು ಈಗ ತುಟಿಯ ಜೊತೆಗೇ ಬಂತು, ಎದುರು ಮನೆಯವರಿಗೆ ಕೇಳದಷ್ಟು ಸದ್ದಿನಲ್ಲಿ. ಅವಳು ಮುಖ ಮುಂದಕ್ಕೆ ಚಾಚಿ ಕೇಳಿಸಿಕೊಂಡಳು.

"ಹೆಂಗ?" ಎಂದೆ.

"ಹತ್ತು ಮಾತಿನ್ಯಾಗ ಏಳು ಸಿಗಾಕತ್ತಾವ."

"ನಡುವಿನ ಸ್ಪೀಕರ್ ತಂದ್ರ ಹತ್ತೂ ಸಿಗತಾವ."

"ಏಳು ಸಾಕು. ಈತ ಹೇಳೋದ್ರಾಗ ಮೂರು ಬಿಟ್ರ ಏನ ಆಗ್ತದ?"

ಬಾಗಿಲು ಈಗ ನನ್ನಿಂದ ದೂರ. ಹೊರಗೆ ಯಾರದೋ ಗಾಡಿ ನಿಂತ ಸದ್ದಾಗಿ ನನ್ನ ಮೈ ಆ ಕಡೆ ತಿರುಗಿತು, ಪಾದ ನೆಲಕ್ಕೆ ಊರಿತು. ಕರೆಯಲು ಬರುವವರು ಯಾರೂ ಇಲ್ಲ ಎಂದು ಗೊತ್ತಿದ್ದೂ ಹಾಗೆ. ಕೂತೇ ಇರಲು ಕುರ್ಚಿಯ ಕೈ ಹಿಡಿದುಕೊಳ್ಳಬೇಕಾಯಿತು. ಧಾರಾವಾಹಿ ಸುರುವಾಗುವ ಹೊತ್ತಿಗೆ ಅವಳೇ ಕೇಳಿದಳು:

"ಅವತ್ತ ಶಿರವಾಳಕ್ಕ ಹೊಂಟಿದ್ರಲ್ಲ. ಮತ್ತ ಯಾವಾಗ ಹೋಗೋದು?"

"ನಾಳಿ. ಆರಕ್ಕ."

"ಆರಕ್ಕಲ್ಲ. ಬಟ್ಟಿ ಒಗದು ಎಂಟಕ್ಕ."

ಎಂಟು ರೊಟ್ಟಿಯ ಹೊತ್ತು. ವೇಳಾಪಟ್ಟಿ ಪೂರ್ತಿ ಅಸ್ತವ್ಯಸ್ತವಾಗುತ್ತದೆ.

"ಹೂಂ" ಎಂದೆ.

"ಏನಂದೆ ಹೇಳ್ರಿ?"

"ಬಟ್ಟಿ ಒಗದು ಎಂಟಕ್ಕ."

ಅವಳು ಟಿವಿಯ ಕಡೆ ತಿರುಗಿದಳು.